ಲಿಂಗರ್ ಎಂಬ ಶಬ್ದ ಕಲಿಸಿದ ಅಕ್ಕೋರು

ಅಕ್ಕೋರ ಬಳೆಗಳು ಯಾವಾಗಲೂ ಮೊಣಕೈಯ ಹತ್ತಿರ ಬಿಗಿದುಕೊಂಡಿರುತ್ತಿದ್ದವು. ಮಣಿಕಟ್ಟಿನಲ್ಲಿ ಇರಬೇಕಾದ ಹಸಿರು ಗಾಜಿನ ಬಳೆಗಳನ್ನು ಬೆಳಿಗ್ಗೆ ಎದ್ದ ಕೂಡಲೇ ಮೇಲಕ್ಕೆ ಸರಿಸಿಬಿಡುತ್ತಿದ್ದರು. ಹಿಟ್ಟು ನಾದಲು ಹೊರಟವರ ಹಾಗೆ ಕೈ ಬರಿದು ಮಾಡಿಕೊಂಡು ಇಂಗ್ಲಿಷ್ ಪಾಠಕ್ಕೆ ಕೂರುತ್ತಿದ್ದುದು ನನಗೆ ಮೊದಮೊದಲು ವಿಚಿತ್ರವಾಗಿ ಕಂಡಿತ್ತು. ಕಾರಣ ಆಮೇಲೆ ತಿಳಿಯಿತು. ಒಳಗಿನ ಕೋಣೆಯಲ್ಲಿ ಅವರ ಯಜಮಾನರು ಲಕ್ವ ಹೊಡೆದು ಮಲಗಿದ್ದರು. ಮಗ್ಗುಲು ಬದಲಿಸುವಾಗ ಬಳೆ ತಾಗಿದರೂ ಸಾಕು, ಅವರ ಚರ್ಮ ಗೀರಿಕೊಳ್ಳುತ್ತಿತ್ತು. ದೊಡ್ಡ ಮೈಯನ್ನು ದಿನವೂ ಎತ್ತಿ ಹೊರಳಿಸಿ ಅಕ್ಕೋರ ತೋಳುಗಳು ಗಂಡಸರ ತೋಳಿನಂತೆ ಗಟ್ಟಿಯಾಗಿದ್ದವು. ಮುಖ ಮಾತ್ರ ವರ್ಷಗಟ್ಟಲೆ ಸರಿಯಾಗಿ ನಿದ್ದೆ ಕಾಣದವರ ಮುಖ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಇವರು ಪುಣೆಯ ಹಡಪಸರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಯಜಮಾನರು ಹಾಸಿಗೆ ಹಿಡಿದ ಮೇಲೆ ಕೆಲಸ ಬಿಟ್ಟರು. ಮನೆ ಬಿಟ್ಟು ಹೋಗುವಂತಿರಲಿಲ್ಲವಾದ್ದರಿಂದ ಮಧ್ಯಾಹ್ನದ ಹೊತ್ತು ಹೊರಗಿನ ಪಡಸಾಲೆಯಲ್ಲೇ ನಮ್ಮಂಥವರಿಗೆ ಪಾಠ ಶುರುಮಾಡಿದರು. ನಮ್ಮಂಥವರು ಎಂದರೆ ಮದುವೆಯಾಗಿ ಪುಣೆಗೆ ಬಂದ ಕನ್ನಡದ ಹೆಂಗಸರು. ನಾನು ಜಮಖಂಡಿ ಕಡೆಯವಳು, ಕನ್ನಡದಲ್ಲಿ ಬಿ.ಎ. ಮುಗಿಸಿದ್ದೆ. ಕಾಯಿಪಲ್ಲೆಯವರ ಜೊತೆ ಚೌಕಾಸಿ ಮಾಡುತ್ತ ಮರಾಠಿ ತಾನಾಗಿಯೇ ಬಂತು. ಇಂಗ್ಲಿಷ್ ಹಾಗೆ ಬರಲಿಲ್ಲ. ಮಗರಪಟ್ಟಾದ ಒಂದು ಆಫೀಸಿನಲ್ಲಿ ಕನ್ನಡದ ಫೋನುಗಳನ್ನು ತೆಗೆದುಕೊಂಡು ಅವುಗಳ ಸಾರಾಂಶವನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸವಿದೆ ಎಂದು ಯಾರೋ ಹೇಳಿದ್ದರು. ಆ ಕೆಲಸದ ಆಸೆಯಿಂದಲೇ ನಾನು ಲಿಫ್ಟ್ ಇಲ್ಲದ ಆ ಹಳೆಯ ಕಟ್ಟಡದ ಮೆಟ್ಟಿಲು ಹತ್ತಿದ್ದು.

ಅಕ್ಕೋರ ಪಾಠ ಬಹಳ ಸಲ ಅರ್ಧಕ್ಕೆ ನಿಲ್ಲುತ್ತಿತ್ತು. ಗಡಿಯಾರ ನೋಡಿ ಎದ್ದು ಒಳಗೆ ಹೋಗುತ್ತಿದ್ದರು. ಒಳಗಿನಿಂದಲೇ ಏದುಸಿರಿನ ನಡುವೆ, "ಗೋ, ವೆಂಟ್, ಗಾನ್... ಹೇಳ್ರಿ, ಯಾಕ ಸುಮ್ಮನಾದ್ರಿ?" ಎಂದು ಕೂಗುತ್ತಿದ್ದರು. ನಾವು ಅರೆತೆರೆದ ಬಾಗಿಲಿಗೆ ಮುಖ ಮಾಡಿ ಹೇಳುತ್ತಿದ್ದೆವು. ಮಂಚ ಕಿರುಗುಟ್ಟುವುದು, ಯಜಮಾನರು ಗಂಟಲಲ್ಲೇ ಹೊರಡಿಸುವ ಒಂದು ಸ್ವರ, ಇವರು "ಆತು, ಆತು, ಇಷ್ಟ" ಎನ್ನುವುದು ಕೇಳಿಸುತ್ತಿತ್ತು. ತಿರುಗಿ ಬಂದಾಗ ಚಹಾ ಆರಿ ಕೆನೆಗಟ್ಟಿರುತ್ತಿತ್ತು. ಅದನ್ನೇ ಗಟಗಟ ಕುಡಿದು ಬಿಟ್ಟ ಜಾಗದಿಂದ ಮುಂದುವರಿಸುತ್ತಿದ್ದರು. ನಾವು ತಪ್ಪಿದರೆ ಸಿಟ್ಟಾಗುತ್ತಿರಲಿಲ್ಲ. "ಅವಸರ ಮಾಡಬ್ಯಾಡ್ರಿ, ಶಬ್ದ ಎಲ್ಲೂ ಓಡಿ ಹೋಗಂಗಿಲ್ಲ" ಎನ್ನುತ್ತಿದ್ದರು.

ನಮ್ಮ ಜೊತೆಗೆ ಉಡುಪಿ ಕಡೆಯ ಹೋಟೆಲಿನವರ ಸೊಸೆಯೊಬ್ಬಳಿದ್ದಳು. ನನ್ನ ವಯಸ್ಸಿನವಳೇ, ನಗುಮುಖದವಳು. ಒಂದು ದಿನ ಮಗನ ಶಾಲೆಯ ಪುಸ್ತಕ ತಂದು ಅಕ್ಕೋರ ಮುಂದೆ ಹಿಡಿದಳು.

"ಅತಿಥಿಗಳು ಬಾಗಿಲಲ್ಲಿ ಲಿಂಗರ್ ಮಾಡಿದರು ಅಂತ ಉಂಟು. ಸುಮ್ಮನೆ ಸ್ಟುಡ್ ಅಂತ ಬರೆದಿದ್ರೆ ಎಂತ ಆಗ್ತಿತ್ತು ಇವರಿಗೆ? ಮಗ ಕೇಳಿದ, ನನಗೆ ಹೇಳ್ಲಿಕ್ಕೆ ಬರ್ಲಿಲ್ಲ."

ಅಕ್ಕೋರು ಪುಸ್ತಕ ನೋಡಲೇ ಇಲ್ಲ. "ನಿಮ್ಮ ತವರಿನವರು ಬಂದು ವಾಪಸ್ ಹೋಗೂ ಮುಂದ ಹೆಂಗ ಹೋಗ್ತಾರ, ನೆನಪ ಮಾಡ್ಕೊಳ್ರಿ. ಬರ್ತೀವಿ ಅಂತ ಎದ್ದು ನಿಲ್ತಾರ. ಬಾಗಲಾ ತನಕಾ ಬಂದು ಮತ್ತೊಂದು ಮಾತು ತಗೀತಾರ. ಚಪ್ಪಲ್ ಹಾಕ್ಕೊಂಡು ಇನ್ನೊಂದು. ಮೆಟ್ಟಲಾ ಇಳಿಯಾಕ ಹತ್ತಿದ ಮ್ಯಾಲೂ ತಿರುಗಿ, ಹುಡುಗನ ಕೆಮ್ಮಿಗೆ ಕಷಾಯ ಕೊಡವಾ ಅಂತಾರ. ಹೋಗೂ ಹೊತ್ತಂತೂ ಆಗಿರ್ತದ, ಹೋಗಾಕ ಮನಸ್ಸು ಬರೂದಿಲ್ಲ. ಅದಕ್ಕ ಲಿಂಗರ್ ಅಂತಾರ."

"ಕನ್ನಡದಾಗ ಏನಂತಾರ್ರಿ ಅಕ್ಕೋರ?" ಎಂದು ನಾನು ಕೇಳಿದೆ.

ಅವರು ಬೆರಳು ಮಡಚಿ ಎಣಿಸಿದರು. "ತಡಾ ಮಾಡೂದು ಅಂದ್ರ ತಪ್ಪು ಹೊರಿಸಿದಂಗ ಆತು. ಉಳಕೊಳ್ಳೂದು ಅಂದ್ರ ಹಾಸಿಗಿ ಹಾಸಬೇಕಾಗ್ತದ. ಎರಡರ ನಡಬರಕ ಐತಿ ಇದು. ಒಂದ ಶಬ್ದದಾಗ ಸಿಗವಲ್ದು."

ಆ ಮಧ್ಯಾಹ್ನವೆಲ್ಲ ಆ ಒಂದೇ ಶಬ್ದದಲ್ಲಿ ಕಳೆಯಿತು. ಉಂಡು ಕೈ ತೊಳೆದರೂ ಬೆರಳಲ್ಲಿ ಬಿಡದ ಬೆಳ್ಳುಳ್ಳಿಯ ವಾಸನೆ ಲಿಂಗರ್ ಆಗುತ್ತದೆ. ಜ್ವರ ಬಿಟ್ಟು ಹೋದ ಮೇಲೂ ಉಳಿಯುವ ಕೆಮ್ಮು ಲಿಂಗರ್ ಆಗುತ್ತದೆ. ಏಪ್ರಿಲಿನಲ್ಲಿ ಹೊತ್ತು ಮುಳುಗಿದ ಮೇಲೂ ಮಾಳಿಗೆಯ ಸ್ಲ್ಯಾಬಿನಲ್ಲಿ ನಿಂತಿರುವ ಕಾವು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಸ್ವಾರಗೇಟ ಬಸ್ ನಿಲ್ದಾಣ ಮುಟ್ಟುವ ತನಕ ಬಸ್ಸಿನಲ್ಲಿ ಕಾಡುವ ಅನುಮಾನ. ಮರುದಿನ ಎಲ್ಲರೂ ಒಂದೊಂದು ವಾಕ್ಯ ತರಬೇಕಿತ್ತು. ನಾನು ಏನು ತಂದೆನೋ ನೆನಪಿಲ್ಲ. ಹೋಟೆಲಿನ ಸೊಸೆ ತಂದದ್ದು ನೆನಪಿದೆ: 'ನನ್ನ ರೇಷ್ಮೆ ಸೀರೆಯಲ್ಲೂ ಸಾಂಬಾರಿನ ವಾಸನೆ ಲಿಂಗರ್ ಆಗುತ್ತದೆ.' ನಾವು ನಕ್ಕೆವು, ಅವಳೂ ನಕ್ಕಳು. ಅಕ್ಕೋರು ಮಾತ್ರ ಅವಳ ಬೆನ್ನ ಮೇಲೆ ಕೈಯಿಟ್ಟು, "ಭಾಳ ಚೊಲೊ ಬರದೀದಿ" ಎಂದರು.

"ಒಂದು ಚಾ ಹೇಳಿ ಗಂಟೆಗಟ್ಟಲೆ ಟೇಬಲ್ ಹಿಡ್ಕೊಂಡು ಕೂರ್ತಾರಲ್ಲ ಮಾರಾಯ್ರೆ, ಅವರು ಮಾಡುದೂ ಲಿಂಗರಾ?" ಎಂದು ಅವಳು ಕೇಳಿದಳು.

"ಅವರ ಲೆಕ್ಕದಾಗ ಲಿಂಗರ್, ನಿಮ್ಮ ಮಾವನವರ ಲೆಕ್ಕದಾಗ ಲಾಯ್ಟರ್. ಮಗರಪಟ್ಟಾದ ಗೇಟಿನ ಮುಂದ ಬೋರ್ಡ್ ಹಾಕಿರ್ತಾರ ನೋಡ್ರಿ, ಇಲ್ಲಿ ಲಾಯ್ಟರ್ ಮಾಡಬಾರದು ಅಂತ. ಕೆಲಸಿಲ್ಲದ ಅಡ್ಡಾಡೋರಿಗೆ ಆ ಮಾತು."

ಮುಂದೆ ನನಗೆ ಆ ಆಫೀಸಿನ ಕೆಲಸ ಸಿಕ್ಕಿತು. ಆರೋಗ್ಯ ವಿಮೆಯ ಫೋನುಗಳು ಅವು. ಬೆಳಗಾವಿ, ವಿಜಯಪುರ, ಹಾವೇರಿ ಕಡೆಯ ಜನ ಆಸ್ಪತ್ರೆಯ ಕಥೆ ಹೇಳಿಕೊಳ್ಳುತ್ತಿದ್ದರು. ನಾನು ಅದನ್ನು ನಾಲ್ಕು ಸಾಲಿಗೆ ಇಳಿಸಬೇಕಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಒಬ್ಬರ ಕೆಮ್ಮಿನ ಬಗ್ಗೆ ಬರೆಯಲು ಹೋಗಿ, ಕೆಮ್ಮಿನ ಜಾಗದಲ್ಲಿ ರೋಗಿಯೇ ಲಿಂಗರ್ ಆದ ಎಂದು ಬರೆದುಬಿಟ್ಟಿದ್ದೆ. ನಮ್ಮ ಟೀಮ್ ಲೀಡರ್, ಬೆಂಗಳೂರಿನ ಹುಡುಗಿ, ಓದಿ ಗಾಬರಿಯಾದಳು. "ಪೇಶಂಟ್ ಇನ್ನೂ ಬದುಕಿದ್ದಾರಲ್ವಾ ಮೇಡಂ? ಲಿಂಗರ್ ಅಂದ್ರೆ ಸಾಯೋದೂ ಇಲ್ಲ, ಹುಷಾರಾಗೋದೂ ಇಲ್ಲ, ಹಾಗೇ ಎಳೀತಾ ಇದ್ದಾರೆ ಅಂತ ಆಗುತ್ತೆ. ಚೇಂಜ್ ಮಾಡಿ" ಎಂದಳು.

ಅಷ್ಟು ಉದಾಹರಣೆ ಕೊಟ್ಟಿದ್ದ ಅಕ್ಕೋರು ಈ ಒಂದು ಅರ್ಥವನ್ನು ಯಾಕೆ ಹೇಳಲಿಲ್ಲ ಎಂಬುದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಅದನ್ನು ನಾನು ಅವರ ಮುಂದೆ ಎತ್ತಲಿಲ್ಲ. ಹೋಟೆಲಿನ ಸೊಸೆಗೆ ಮಾತ್ರ ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು. ಮಗ ಡಿಕ್ಷನರಿ ನೋಡಿ ಹೇಳಿದ್ದನಂತೆ. ಆಮೇಲೆ ನೋಡಿದರೆ ಪಾಠಕ್ಕೆ ಬರುವ ಎಲ್ಲರಿಗೂ ಹೇಗೋ ಗೊತ್ತಾಗಿತ್ತು. ಯಾರೂ ಬಾಯಿಬಿಟ್ಟಿರಲಿಲ್ಲ ಅಷ್ಟೆ.

ಕೆಲಸ ಸಿಕ್ಕ ಮೇಲೂ ವಾರದ ರಜೆಯ ದಿನ ನಾನು ಪಾಠಕ್ಕೆ ಹೋಗುವುದನ್ನು ಬಿಟ್ಟಿರಲಿಲ್ಲ. ಅಂಥ ಒಂದು ದಿನ ಅಕ್ಕೋರ ಮೈದುನ ಬಂದಿದ್ದರು. ಯಜಮಾನರ ತಮ್ಮ, ಕೊಲ್ಹಾಪುರದಲ್ಲಿ ಬ್ಯಾಂಕಿನಲ್ಲಿದ್ದವರು. ಆಗಾಗ ಬಂದು ಅಣ್ಣನನ್ನು ನೋಡಿ ಹೋಗುತ್ತಿದ್ದರು, ಅತ್ತಿಗೆಯನ್ನು ವೈನಿ ಎನ್ನುತ್ತಿದ್ದರು. ಕೊಲ್ಹಾಪುರದ ಹತ್ತಿರ ಇಂಥ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಜಾಗವಿದೆ, ಅಲ್ಲಿಗೆ ಸೇರಿಸೋಣ ಎಂದು ಅವರು ಹಟ ಹಿಡಿದಿದ್ದರು. ಅಕ್ಕೋರು ಒಪ್ಪುತ್ತಿರಲಿಲ್ಲ. ಅವತ್ತು ಮೈದುನ ಅಣ್ಣನ ಕೋಣೆಯಿಂದ ಹೊರಗೆ ಬಂದು, ಬರೆಯುತ್ತ ಕೂತಿದ್ದ ನಮ್ಮನ್ನು ಒಮ್ಮೆ ನೋಡಿ, ನಮಗೆ ತಿಳಿಯಬಾರದೆಂದೇ ಇರಬೇಕು, ಇಂಗ್ಲಿಷಿನಲ್ಲಿ ಮಾತಾಡಿದರು.

"ವೈನಿ, ಹೌ ಲಾಂಗ್ ವಿಲ್ ಹಿ ಲಿಂಗರ್ ಲೈಕ್ ದಿಸ್?"

ಬರೆಯುತ್ತಿದ್ದ ನಾವೆಲ್ಲ ಒಟ್ಟಿಗೆ ತಲೆಯೆತ್ತಿದೆವು. ಎತ್ತಬಾರದಿತ್ತು, ಆದರೆ ಅದು ನಮ್ಮ ಕೈಯಲ್ಲಿರಲಿಲ್ಲ. ಮೈದುನ ನಮ್ಮ ಮುಖಗಳನ್ನು ನೋಡಿದರು. ಅಕ್ಕೋರೂ ನೋಡಿದರು. ಯಾವುದನ್ನು ಅವರು ನಮ್ಮಿಂದ ಮುಚ್ಚಿಟ್ಟಿದ್ದರೋ ಅದು ನಮಗೆ ಮೊದಲೇ ಗೊತ್ತಿತ್ತು ಎಂದು ಅವರಿಗೆ ಆಗ ತಿಳಿಯಿತು.

"ಇಂಗ್ಲಿಷ್ ಬ್ಯಾಡ," ಎಂದರು ಮೆಲ್ಲಗೆ. "ಇವರಿಗೆಲ್ಲಾ ತಿಳೀತದ. ನಾನ ಕಲಿಸೀನಿ."

ಮೈದುನರ ಮುಖ ಕೆಂಪಾಯಿತು. "ನಾ ಹಂಗ ಅನ್ನಲಿಲ್ರಿ ವೈನಿ. ನಿಮ್ಮ ಸಲುವಾಗಿ ಅಂದೆ. ನಿಮ್ಮ ಅವಸ್ಥಾ ನೋಡಾಕ ಆಗವಲ್ದು."

"ಗೊತ್ತದ. ಕೂಡ್ರಿ, ಚಹಾ ಮಾಡ್ತೀನಿ."

ಅವರು ಕೂರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು. ಆ ದಿನ ಪಾಠ ಮುಂದುವರಿಯಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಕಪ್ಪು ತೊಳೆಯುವ ನೆವದಿಂದ ಅಡುಗೆಮನೆಯಲ್ಲಿ ನಿಂತೆ. ಅಕ್ಕೋರು ಬಂದು ಕಟ್ಟೆಗೆ ಒರಗಿ ನಿಂತರು. ಅವರು ಅಳುತ್ತಾರೇನೋ ಅಂದುಕೊಂಡಿದ್ದೆ. ಅಳಲಿಲ್ಲ.

"ಅಂವಾ ಕೆಟ್ಟಾಂವ ಅಲ್ಲ ತಂಗಿ. ಅಂವಾ ಬಾಯಿಲೆ ಅಂದಾ, ನಾ ಅಂದಿಲ್ಲ. ಅಷ್ಟ ಫರಕ್."

ನಾನು ತೊಳೆದ ಕಪ್ಪನ್ನು ಬೋರಲು ಇಟ್ಟೆ.

"ಒಂದೊಂದು ದಿನ ಮುಂಜಾನೆ ಎದ್ದು ಒಳಗ ಹೋಗೂ ಮುಂದ, ಉಸರು ನಿಂತಿರಬಾರದಾ ಅಂತ ಅನಸ್ತದ. ಒಳಗ ಹೋಗಿ ನೋಡ್ತೀನಿ, ಕಣ್ಣ ತಕ್ಕೊಂಡು ನನ್ನ ಹಾದಿ ನೋಡ್ತಿರ್ತಾರ. ಆಗ ಮತ್ತ ಹೊಟ್ಟ್ಯಾಗ ಹಾಲು ಹೊಯ್ದಂಗ ಆಗ್ತದ. ಎರಡೂ ಖರೇನ ನೋಡು. ಯಾರ ಮುಂದ ಹೇಳ್ಲಿ ಇದನ್ನ? ದಣದೀನಿ ಅಂದ್ರ, ಹಂಗಾರ ಕಳಿಸಿಬಿಡ್ರಿ ಅಂತಾರ. ಇಲ್ಲಾ ಅಂದ್ರ, ದೊಡ್ಡ ಪತಿವ್ರತಾ ಅಂತಾರ. ನಾ ಎರಡೂ ಅಲ್ಲ. ಬರೇ ದಣದೀನಿ."

ಇಷ್ಟು ವರ್ಷಗಳಲ್ಲಿ ನಾನು ಬಹಳ ಜನರ ಬಾಯಿಂದ ದಣಿವಿನ ಮಾತು ಕೇಳಿದ್ದೇನೆ. ಅದೇ ನನ್ನ ಕೆಲಸ. ಆದರೆ ತನ್ನ ದಣಿವಿಗೆ ಒಂದು ನೆಪವನ್ನೂ ಹೇಳದೆ, ಒಂದು ಅಲಂಕಾರವನ್ನೂ ಮಾಡದೆ ಹೀಗೆ ಹೇಳಿದವರನ್ನು ಆಮೇಲೆ ಬಹಳ ವರ್ಷ ಕಾಣಲಿಲ್ಲ. ನನ್ನ ಅತ್ತೆ ಮಾವಂದಿರ ಮನೆ, ಆಫೀಸು, ಎರಡರ ನಡುವಿನ ಹಡಪಸರದ ಆ ಟ್ರಾಫಿಕ್ಕು, ಇವುಗಳಿಂದ ನಾನೂ ಬಸವಳಿದಿದ್ದ ಕಾಲ ಅದು. ಅವರು ಹೇಳಿದ್ದು ಕೇಳಿ ನನಗೂ ಹೇಳಿಕೊಳ್ಳಬಹುದು ಎನ್ನಿಸಿತು. ಹೇಳಿಕೊಂಡೆ ಕೂಡ. ಇಬ್ಬರೂ ಆ ಕಟ್ಟೆಗೆ ಒರಗಿ ಹಾಗೇ ಬಹಳ ಹೊತ್ತು ನಿಂತಿದ್ದೆವು.

ಮಳೆಗಾಲದ ಕೊನೆಗೆ ಅಕ್ಕೋರ ಸೊಂಟ ಹಿಡಿಯಿತು. ಯಜಮಾನರನ್ನು ಎತ್ತಲು ಬಗ್ಗಿದವರು ಮೇಲೇಳಲಾಗದೆ ಮಂಚದ ಪಕ್ಕದಲ್ಲೇ ಕುಸಿದು ಕೂತರು. ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದು ಎಂದರು. ಒಂದು ಕೋಣೆಯಲ್ಲಿ ಅವರು, ಇನ್ನೊಂದು ಕೋಣೆಯಲ್ಲಿ ಯಜಮಾನರು. ಹೋಟೆಲಿನ ಸೊಸೆ ಊಟ ಕಳಿಸಿದಳು. ನಾವು ಸರದಿಯಂತೆ ಹೋದೆವು, ಆದರೆ ಆ ದೊಡ್ಡ ಮೈಯನ್ನು ಹೊರಳಿಸುವುದು ನಮ್ಮಿಂದಾಗುವ ಕೆಲಸವಾಗಿರಲಿಲ್ಲ. ಕೊನೆಗೆ ನಾನೇ ಮೈದುನರಿಗೆ ಫೋನ್ ಮಾಡಿದೆ. ಆ ದಿನದ ಮಾತಿನ ನಂತರ ಅವರು ಬಂದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಬಂದರು. ಒಂದು ಸಣ್ಣ ಬ್ಯಾಗು ತಂದಿದ್ದರು. "ಅಣ್ಣನ ಕರಕೊಂಡು ಹೋಗಾಕ ಬಂದೀನಿ. ಎರಡು ದಿನದಾಗ ವ್ಯವಸ್ಥಾ ಆಗ್ತದ" ಎಂದರು. ಹಾಸಿಗೆಯಲ್ಲಿದ್ದ ಅಕ್ಕೋರು ಈ ಸಲ ಬೇಡ ಎನ್ನಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ, "ಹೂಂ" ಎಂದರು.

ಅವತ್ತೇ ಮೈದುನ ಮೊದಲ ಬಾರಿಗೆ ಅಣ್ಣನ ಮಗ್ಗುಲು ಬದಲಿಸಿದರು. ಹೇಗೆಂದು ಅಕ್ಕೋರು ಆಚೆ ಕೋಣೆಯಿಂದ ಕೂಗಿ ಹೇಳುತ್ತಿದ್ದರು: ಮೊದಲು ಭುಜ, ಆಮೇಲೆ ಸೊಂಟ, ಮೊಣಕಾಲ ನಡುವೆ ದಿಂಬು. ಬ್ಯಾಂಕಿನ ಆ ಅಧಿಕಾರಿ ಬೆವರಿಳಿಸಿಕೊಂಡು ಹೇಳಿದಂತೆ ಮಾಡಿದರು. ಮೈ ಒರೆಸಿದರು. ಮರುದಿನ ಬೆಳಿಗ್ಗೆ ಗಡ್ಡ ಬೋಳಿಸಿದರು. ಸಣ್ಣವರಿದ್ದಾಗ ಅಣ್ಣನೇ ತನಗೆ ಮೊದಲ ಸಲ ಗಡ್ಡ ಬೋಳಿಸಿಕೊಳ್ಳಲು ಹೇಳಿಕೊಟ್ಟದ್ದು ಎಂದು ನನ್ನೆದುರು ಹೇಳುತ್ತ ಸಾಬೂನಿನ ನೊರೆ ಹಚ್ಚುತ್ತಿದ್ದರು. ಯಜಮಾನರು ಅವರ ಮುಖವನ್ನೇ ನೋಡುತ್ತಿದ್ದರು.

ಎರಡು ದಿನ ಕಳೆಯಿತು. ಆಂಬುಲೆನ್ಸ್ ಸೋಮವಾರ ಬರುತ್ತದೆ ಎಂದರು. ಸೋಮವಾರ, ಅಲ್ಲಿ ಇನ್ನೂ ಜಾಗ ಖಾಲಿಯಾಗಿಲ್ಲ ಎಂದರು. ಮತ್ತೆ ರಜೆ ಬರೆದು ಕಳಿಸಿದರು. ದಿನವೂ "ನಾಳೆ ಹೊಂಟೇನಿ ವೈನಿ" ಎನ್ನುತ್ತಿದ್ದರು. ಬ್ಯಾಗು ಚಪ್ಪಲಿಯ ಪಕ್ಕದಲ್ಲಿ ಕಟ್ಟಿಟ್ಟಂತೆಯೇ ಇತ್ತು. ಅದರಿಂದ ಬೇಕಾದ ಅಂಗಿಯನ್ನು ತೆಗೆದು ತೊಟ್ಟು ಒಗೆದು ಒಣಗಿಸಿ ಮತ್ತೆ ಅದರಲ್ಲೇ ಇಡುತ್ತಿದ್ದರು. ಕೊಲ್ಹಾಪುರದಿಂದ ಅವರ ಹೆಂಡತಿಯ ಫೋನು ಬಂದಾಗ ಬಾಲ್ಕನಿಗೆ ಹೋಗಿ ಏನೇನೋ ಕಾರಣ ಹೇಳುತ್ತಿದ್ದರು. ದೀಪಾವಳಿಗೂ ಹೋಗಲಿಲ್ಲ, ಹೆಂಡತಿ ಮಕ್ಕಳೇ ಬಂದು ಹೋದರು. ಅಷ್ಟರಲ್ಲಿ ಅಕ್ಕೋರು ಎದ್ದು ಓಡಾಡುವಂತಾಗಿದ್ದರು. ಒಂದು ಮಧ್ಯಾಹ್ನ ನಾನಿದ್ದಾಗ ಒಳಗಿನಿಂದ ಮೈದುನರ ಸ್ವರ ಕೇಳಿಸುತ್ತಿತ್ತು. ಅಣ್ಣನಿಗೆ ಬ್ಯಾಂಕಿನ ಯಾವುದೋ ಹಳೆಯ ಜಗಳದ ಕಥೆ ಹೇಳುತ್ತಿದ್ದರು. ಅಕ್ಕೋರು ಆ ಕಡೆ ಗದ್ದ ತೋರಿಸಿ, "ಇವರದೂ ಲಿಂಗರ್ ಶುರು ಆಗೇದ ನೋಡು" ಎಂದು ನಕ್ಕರು. ನಾನು ಕಂಡಂತೆ ಆ ಮನೆಯಲ್ಲಿ ಅವರು ಅಷ್ಟು ನಿರಾಳವಾಗಿ ನಕ್ಕದ್ದು ಅದೇ.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ, ಮೈದುನ ಅಣ್ಣನ ಗಡ್ಡ ಬೋಳಿಸುತ್ತಿರುವಾಗಲೇ ಯಜಮಾನರು ಹೋದರು. ಒಂದು ಗಲ್ಲ ಮುಗಿದಿತ್ತು, ಇನ್ನೊಂದರ ಮೇಲೆ ನೊರೆಯಿತ್ತು. ಮೈದುನ ಅಕ್ಕೋರನ್ನು ಕರೆದರು. ಅಕ್ಕೋರು ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದರು. ಆಮೇಲೆ, "ಅರ್ಧಕ್ಕ ಬಿಡಬ್ಯಾಡ್ರಿ, ಮುಗಸ್ರಿ" ಎಂದರಂತೆ. ಮೈದುನ ಇನ್ನೊಂದು ಗಲ್ಲವನ್ನೂ ಮುಗಿಸಿ, ಬಿಸಿನೀರಿನ ಬಟ್ಟೆಯಿಂದ ಒರೆಸಿದರು. ನಾನು ಆಫೀಸಿನಿಂದ ಓಡಿ ಹೋದಾಗ ಆ ಮುಖ ಚೊಕ್ಕವಾಗಿತ್ತು. ಮೈದುನ ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅಳುತ್ತಿದ್ದರು.

ಇನ್ನಾದರೂ ಅಕ್ಕೋರು ಮನಸಾರೆ ನಿದ್ದೆ ಮಾಡುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಹಾಗಾಗಲಿಲ್ಲ. ತಿಂಗಳು ಕಳೆದು ಪಾಠ ಶುರುವಾಯಿತು. ನಡುವೆ ಗಡಿಯಾರ ನೋಡಿ ಎದ್ದು ಒಳಗೆ ಹೋಗುತ್ತಿದ್ದರು. ಖಾಲಿ ಮಂಚದ ಪಕ್ಕ ತುಸು ಹೊತ್ತು ನಿಂತು ವಾಪಸ್ಸು ಬರುತ್ತಿದ್ದರು. ನಾವು ಯಾರೂ ಏನೂ ಕೇಳುತ್ತಿರಲಿಲ್ಲ. ಒಮ್ಮೆ ತಾವಾಗಿಯೇ ಹೇಳಿದರು: "ತಲಿಗೆ ಗೊತ್ತಾಗೇದ. ಕಾಲಿಗೆ ಇನ್ನೂ ಗೊತ್ತಾಗಿಲ್ಲ."

ಮೂರ್ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಮೊಬೈಲಿನಲ್ಲೇ ಇಂಗ್ಲಿಷ್ ಕಲಿಯುವ ಕಾಲ ಬಂತು, ಪಾಠಕ್ಕೆ ಬರುವವರು ಕಡಿಮೆಯಾದರು. ಹಳೆಯ ಕಟ್ಟಡವನ್ನು ಕೆಡವಿ ದೊಡ್ಡದು ಕಟ್ಟುತ್ತಾರೆಂದು ಎಲ್ಲರೂ ಮನೆ ಖಾಲಿ ಮಾಡಬೇಕಾಯಿತು. ಅಕ್ಕೋರು ಧಾರವಾಡದ ತಂಗಿಯ ಮನೆಗೆ ಹೋದರು. ಸ್ವಾರಗೇಟದಲ್ಲಿ ಬಸ್ಸು ಹತ್ತಿಸಲು ನಾನೂ ಹೋಟೆಲಿನ ಸೊಸೆಯೂ ಹೋಗಿದ್ದೆವು. ಮೈದುನ ಕೊಲ್ಹಾಪುರದಲ್ಲಿ ಅದೇ ಬಸ್ಸು ಹತ್ತಿ ಧಾರವಾಡದ ತನಕ ಜೊತೆಗೆ ಹೋದರು ಎಂದು ಆಮೇಲೆ ತಿಳಿಯಿತು. ಅಲ್ಲಿಂದ ಹಬ್ಬಕ್ಕೊಮ್ಮೆ ಫೋನು ಬರುತ್ತಿತ್ತು. ಈಚೆಗೆ ನಿದ್ದೆ ಬರುತ್ತದೆ, ಮಧ್ಯಾಹ್ನವೂ ಬರುತ್ತದೆ ಎಂದು ಒಮ್ಮೆ ನಾಚಿಕೊಂಡವರಂತೆ ಹೇಳಿದ್ದರು.

ಹೋದ ವರ್ಷ ಅಂಥದೇ ಒಂದು ಮಧ್ಯಾಹ್ನದ ನಿದ್ದೆಯಲ್ಲಿ ಅಕ್ಕೋರು ತೀರಿಕೊಂಡರು. ಹೋಟೆಲಿನ ಸೊಸೆ ಫೋನ್ ಮಾಡಿ ತಿಳಿಸಿದಳು. "ಒಂದು ಚೂರೂ ಕಷ್ಟ ಆಗ್ಲಿಲ್ಲವಂತೆ" ಎಂದಳು. ಸುದ್ದಿ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ನಾನು ಹೋಗಲಿಲ್ಲ. ಮರುದಿನ ಕೆಲಸಕ್ಕೆ ಹೋದೆ.

ಆ ದಿನ ಮುಧೋಳ ಕಡೆಯ ಒಬ್ಬ ಹೆಂಗಸಿನ ಫೋನು ಬಂತು. ಗಂಡ ತೀರಿಕೊಂಡಿದ್ದರು, ಬಹಳ ಕಾಲ ಹಾಸಿಗೆ ಹಿಡಿದಿದ್ದರು. ಬೇಕಾದದ್ದೆಲ್ಲ ಕೇಳಿ ಬರೆದುಕೊಂಡೆ. "ಮತ್ತೇನರ ಕೇಳೂದಿತ್ತೇನ್ರಿ?" ಎಂದೆ. "ಇಲ್ಲವಾ, ಎಲ್ಲಾ ಆತು" ಎಂದರು. ಆದರೆ ಫೋನು ಇಡಲಿಲ್ಲ. ಆ ಕಡೆ ಅವರ ಉಸಿರು ಕೇಳಿಸುತ್ತಿತ್ತು. ಕರೆ ಉದ್ದವಾಗುತ್ತಿದೆ ಎಂದು ಟೀಮ್ ಲೀಡರ್ ದೂರದಿಂದಲೇ ಕೈ ತೋರಿಸಿದಳು. ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ಎಷ್ಟೋ ಹುಡುಗಿಯರು ಬಂದು ಹೋಗಿದ್ದಾರೆ, ಇವಳು ಹೊಸಬಳು. ನಾನು ತಲೆಯಲ್ಲಾಡಿಸಿ ಬೇಡ ಎಂದೆ.

"ಇದ್ದೀನ್ರಿ," ಎಂದೆ ಫೋನಿಗೆ.

"ಇವತ್ತ ರೊಟ್ಟಿ ಬಡ್ಯಾಕ ಕುಂತಿದ್ನೆವಾ," ಎಂದರು ಅವರು. "ಎಷ್ಟು ಬಡೀಬೇಕು ಅಂತ ತಿಳೀಲಿಲ್ಲ."

"ಹೌದ್ರಿ," ಎಂದೆ. ಅವರು ಗಂಡನ ಊಟದ ಬಗ್ಗೆ ಹೇಳಿದರು, ಕೊನೆಕೊನೆಗೆ ತುತ್ತು ಇಳಿಯುತ್ತಿರಲಿಲ್ಲ ಎಂದರು, ಹಿರಿಯ ಮಗಳು ನಾಡಿದ್ದು ಬರುತ್ತಾಳೆ ಎಂದರು. ಕೊನೆಗೆ, "ದಣದೀನಿ ನೋಡವಾ" ಎಂದರು.

ನಾನು ಅದಕ್ಕೆ ಸಮಾಧಾನ ಹೇಳಲು ಹೋಗಲಿಲ್ಲ. ಅವರಾಗಿ ಫೋನು ಇಡುವ ತನಕ ಕೇಳುತ್ತ ಕೂತೆ.